ತಮ್ಮನನ್ನು ಆರಿಸಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಪೆಟ್ಟು ತಿಂದವಳು ನಾನಲ್ಲ, ನನ್ನ ಭಾವ. ನ್ಯಾಯವಾಗಿ ಅವರೇ ಹೇಳಬೇಕಿತ್ತು. ಆದರೆ ಆ ಮಧ್ಯಾಹ್ನದ ಒಂದು ಗಂಟೆಯಷ್ಟು ಹೊತ್ತು ಅವರ ತಲೆಯಲ್ಲಿ ಉಳಿದಿಲ್ಲ. ಅಕ್ಕ ಹೇಳಬಹುದಿತ್ತು, ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಉಳಿದವಳು ನಾನು. ಅವರನ್ನು ಹೊಡೆದ ಕೈಗಳಿಗೆ ಕಾರಣ ಒದಗಿಸಿದ್ದು ನನ್ನ ಬಾಯಿ. ಆದ್ದರಿಂದ ನನ್ನನ್ನು ಬಚಾವು ಮಾಡಿಕೊಳ್ಳುವ ಮಾತು ಎಲ್ಲಾದರೂ ನುಸುಳಿದ್ದರೆ ದಯವಿಟ್ಟು ಅದನ್ನು ಬಿಟ್ಟು ಓದಿ.

ನಾನು ಕೆಲಸ ಮಾಡುತ್ತಿದ್ದುದು ಹೆದ್ದಾರಿಯ ಪಕ್ಕದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ದೊಡ್ಡ ಅಂಗಳ, ಅದರ ಎರಡು ಬದಿಗೆ ಎದುರುಬದುರಾಗಿ ಎರಡು ಶೆಡ್ಡು, ಹಿಂಭಾಗದಲ್ಲಿ ಸಾಲಾಗಿ ಹನ್ನೆರಡು ಬಾಗಿಲು. ಬಂದ ಲಾರಿ ಯಾವುದಾದರೊಂದು ಶೆಡ್ಡಿನ ಕಿಟಕಿಯಲ್ಲಿ ಚೀಟಿ ತೆಗೆದುಕೊಳ್ಳಬೇಕು. ಯಾವ ಬಾಗಿಲು ಖಾಲಿ ಇದೆಯೋ ಅದರ ನಂಬರನ್ನು ಕಂಪ್ಯೂಟರ್ ಚೀಟಿಯ ಮೇಲೆ ಹೊಡೆದುಕೊಡುತ್ತದೆ. ಆ ಬಾಗಿಲಿಗೆ ಲಾರಿಯ ಬೆನ್ನು ಒಡ್ಡಿ ಸರಕು ಇಳಿಸುವುದು. ಇಷ್ಟೇ ವ್ಯವಹಾರ. ಆದರೆ ಎರಡು ದಿನ ಬಿಸಿಲಿನಲ್ಲಿ ಲಾರಿ ಓಡಿಸಿಕೊಂಡು ಬಂದವನಿಗೆ, ಹಿಂದೆ ಕೊಳೆಯುವ ಸರಕು ಇಟ್ಟುಕೊಂಡವನಿಗೆ, ಆ ಬಾಗಿಲ ನಂಬರೇ ಪ್ರಾಣ.

ಈ ಕೆಲಸ ಕೊಡಿಸಿದವರು ಭಾವ. ಅವರು ಅಲ್ಲಿ ಎಲೆಕ್ಟ್ರಿಷಿಯನ್. ನಾನು ಹಗಲು ಹೊಲಿಗೆ ಅಂಗಡಿಯಲ್ಲಿ ಕೂತು, ಸಂಜೆ ಟಯರ್ ಅಂಗಡಿಯ ಮೇಲಿನ ತರಗತಿಯಲ್ಲಿ ಡೇಟಾಬೇಸ್ ಕಲಿತವಳು. ಕಲಿತದ್ದು ಸರಿಯಾಗಿ ಕಲಿತಿದ್ದೇನೆಯೇ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಅಂಗಳದಲ್ಲಿ ಎಲ್ಲರೂ ನನ್ನನ್ನು ‘ಡೇಟಾ ಅಕ್ಕ’ ಎನ್ನುತ್ತಿದ್ದರು. ಭಾವ ಮಾತ್ರ ‘ಮೇಡಮ್ಮಾ’ ಎಂದು ರೇಗಿಸುತ್ತಿದ್ದರು.

ನಾನು ಸೇರಿದಾಗ ಚೀಟಿಗಳ ಲೆಕ್ಕ ಇಡುವ ಕಂಪ್ಯೂಟರ್, ಅಂದರೆ ಸರ್ವರ್, ಇದ್ದದ್ದು ಒಂದೇ. ಒಂದು ದಿನ ಅದರ ಡಿಸ್ಕ್ ಸತ್ತು ಮೂವತ್ತೆಂಟು ಲಾರಿಗಳು ಹನ್ನೊಂದು ಗಂಟೆ ನಿಂತವು. ಯಾವನೋ ಚಾಲಕ ನನ್ನ ಕಿಟಕಿಗೆ ಕಲ್ಲು ಬೀಸಿದ. ಗಾಜಿನ ಚೂರೊಂದು ಕಿವಿಯ ತುದಿಯನ್ನು ಸೀಳಿಕೊಂಡು ಹೋಯಿತು. ರಕ್ತ ಒರೆಸಿಕೊಳ್ಳುತ್ತ ನಿಂತಿದ್ದ ನನಗೆ ದೊಡ್ಡ ಯಜಮಾನರು ಹೇಳಿದ್ದು ಒಂದೇ ಮಾತು: “ಇನ್ನೊಂದ್ಸಲ ನಿಲ್ಲಬಾರ್ದಮ್ಮ. ಏನ್ ಬೇಕಾದ್ರೂ ಆಗ್ಲಿ, ನಿಲ್ಲಬಾರ್ದು.”

ಹಾಗೆ ಬಂದದ್ದು ಕ್ಲಸ್ಟರ್. ಎರಡು ಸರ್ವರ್‌ಗಳನ್ನು ಹೊರಗಿನವರಿಗೆ ಒಂದೇ ಎಂದು ಕಾಣುವ ಹಾಗೆ ಜೋಡಿಸುವುದಕ್ಕೆ ಆ ಹೆಸರು. ಎರಡರಲ್ಲೂ ಅದೇ ದಾಖಲೆ ಇರುತ್ತದೆ. ಬರೆಯುವ ಅಧಿಕಾರ ಒಂದಕ್ಕೆ, ಇನ್ನೊಂದು ಅದನ್ನು ನೋಡಿ ನಕಲು ಮಾಡಿಕೊಳ್ಳುತ್ತದೆ, ಕೇಳಿದವರಿಗೆ ಓದಿ ಹೇಳಿ ಹೊರೆಯನ್ನೂ ಹಂಚಿಕೊಳ್ಳುತ್ತದೆ. ಕಾಲಕಾಲಕ್ಕೆ ಲಾರಿಗಳು ಹೆಚ್ಚಾದಾಗ ಕಿಟಕಿಯ ಮುಂದಿನ ಸಾಲು ಹೆದ್ದಾರಿಗೆ ಮುಟ್ಟುತ್ತಿದ್ದದ್ದು ಇದರಿಂದ ತಪ್ಪಿತು. ಎರಡರ ನಡುವೆ ಒಂದು ತಂತಿ. ಆ ತಂತಿಯಲ್ಲಿ ಸೆಕೆಂಡಿಗೊಂದು ಸಲ ಒಂದು ಇನ್ನೊಂದಕ್ಕೆ ‘ಇದ್ದೇನೆ’ ಎನ್ನುತ್ತದೆ. ಆ ಸದ್ದು ಕೇಳದಿದ್ದರೆ, ಮೂವತ್ತು ಸೆಕೆಂಡು ಕಾದು, ಅದು ಸತ್ತಿತೆಂದು ತಿಳಿದು ಇದು ಯಜಮಾನಿಕೆ ವಹಿಸಿಕೊಳ್ಳುತ್ತದೆ.

ಭಾವ ತಂತಿ ಎಳೆಯುತ್ತ ಇದನ್ನೆಲ್ಲ ಕೇಳಿ ನಕ್ಕರು. “ಅಂದ್ರೆ ಥೇಟ್ ನಮ್ಮ ಯಜಮಾನ್ರು. ಒಬ್ಬನ ಉಸಿರು ಯಾವಾಗ ನಿಲ್ಲುತ್ತೆ ಅಂತ ಇನ್ನೊಬ್ಬ ಕಿವಿಗೊಟ್ಟು ಕೂತಿರೋದು.”

ಆ ಕೋಲ್ಡ್ ಸ್ಟೋರೇಜಿಗೆ ಇಬ್ಬರು ಯಜಮಾನರು, ಒಡಹುಟ್ಟಿದವರು. ಎಡಗಡೆಯದು ಅಣ್ಣನ ಶೆಡ್ಡು, ಬಲಗಡೆಯದು ತಮ್ಮನ ಶೆಡ್ಡು. ಎದುರಿಗೆ ‘ಯಜಮಾನ್ರೇ’ ಎಂದರೂ ಹಿಂದಿನಿಂದ ಇಡೀ ಅಂಗಳ ಅವರನ್ನು ಅಣ್ಣ, ತಮ್ಮ ಎಂದೇ ಕರೆಯುತ್ತಿತ್ತು. ಭಾವನ ತಮಾಷೆಯಿಂದ ಸರ್ವರ್‌ಗಳಿಗೂ ಅದೇ ಹೆಸರು ಅಂಟಿಕೊಂಡಿತು. ಅಣ್ಣ ಎಂಬ ಪೆಟ್ಟಿಗೆ ನನ್ನ ಕೋಣೆಯಲ್ಲಿ, ತಮ್ಮ ಎಂಬುದು ಭಾವನ ಉಸ್ತುವಾರಿಯಲ್ಲಿ ಎದುರು ಶೆಡ್ಡಿನಲ್ಲಿ. ನಾನೇ ಎರಡಕ್ಕೂ ಚೀಟಿ ಬರೆದು ಅಂಟಿಸಿದೆ. ಮೇಸ್ತ್ರಿಯೊಬ್ಬ ಓಡಿಬಂದು “ಡೇಟಾ ಅಕ್ಕ, ತಮ್ಮ ಬಿಸಿಯಾಗಿದ್ದಾನೆ, ಫ್ಯಾನ್ ಹಾಕ್ಲಾ?” ಎಂದು ಕೇಳಿದರೆ ಯಾರೂ ನಗುತ್ತಿರಲಿಲ್ಲ. ಅಷ್ಟು ರೂಢಿಯಾಗಿತ್ತು.

ಸಂಜೆ ತರಗತಿಯ ಮೇಷ್ಟ್ರು ಒಂದು ವಿಷಯವನ್ನು ಬೋರ್ಡು ಕುಟ್ಟಿ ಕುಟ್ಟಿ ಹೇಳಿದ್ದರು. ಎರಡು ಸಾಲದು. ತಂತಿ ತುಂಡಾದರೆ ಎರಡೂ ಬದುಕಿರುತ್ತವೆ, ಎರಡೂ ಇನ್ನೊಂದು ಸತ್ತಿದೆ ಎಂದುಕೊಳ್ಳುತ್ತವೆ, ಎರಡೂ ಯಜಮಾನರಾಗುತ್ತವೆ. ಆಮೇಲೆ ಒಂದನ್ನು ಕೊಲ್ಲದೆ ದಾರಿಯಿಲ್ಲ. ಆದ್ದರಿಂದ ಸಾಕ್ಷಿಯಾಗಿ ಮೂರನೆಯದೊಂದು ಸಣ್ಣ ಯಂತ್ರ ಇರಲೇಬೇಕು, ಅದು ಯಾರ ಕಡೆಗೆ ಮತ ಹಾಕುತ್ತದೋ ಅವನೇ ಯಜಮಾನ. ಅವರು ‘ಕೊಲ್ಲು’ ಎಂಬ ಮಾತನ್ನೇ ಬಳಸುತ್ತಿದ್ದರು. ಯಂತ್ರ ನಿಲ್ಲಿಸುವುದಕ್ಕೆ ಈ ಕಸುಬಿನಲ್ಲಿ ಎಲ್ಲರೂ ಹಾಗೆನ್ನುತ್ತಾರೆ.

ನಾನು ಮೂರನೆಯದಕ್ಕೆ ಅರ್ಜಿ ಬರೆದುಕೊಂಡು ಯಜಮಾನರಿಬ್ಬರ ಮುಂದೆ ನಿಂತೆ.

“ಇಬ್ಬರ ಮಧ್ಯೆ ಮೂರನೆಯವನ ಪಂಚಾಯಿತಿಯಾ?” ಎಂದರು ದೊಡ್ಡವರು. “ಅದು ನಮ್ಮಲ್ಲಿ ನಡಿಯಲ್ಲಮ್ಮ.”

“ಸಾಕ್ಷಿ ಇಟ್ಕೊಂಡು ಬದುಕೋ ಗತಿ ಇನ್ನೂ ಬಂದಿಲ್ಲ” ಎಂದರು ಚಿಕ್ಕವರು.

ಅವರಿಬ್ಬರೂ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ವಿಷಯದಲ್ಲಿ. ಸಾಕ್ಷಿ ಇಲ್ಲದಿದ್ದರೆ ತಂತಿ ತುಂಡಾದಾಗ ಎರಡೂ ನಿಂತುಬಿಡುವ ಹಾಗೆ ಇಡಬಹುದಿತ್ತು. ಅದು ಸುರಕ್ಷಿತ. ಆದರೆ ‘ನಿಲ್ಲಬಾರ್ದು’ ಎಂದಿದ್ದರಲ್ಲ. ಕಿವಿಯ ತುದಿ ಮುಟ್ಟಿ ನೋಡಿಕೊಂಡು ಆ ನಿಯಮವನ್ನು ನಾನು ಕೈಯಾರೆ ತೆಗೆದುಹಾಕಿದೆ.

ಆ ವಾರ ಅಣ್ಣತಮ್ಮಂದಿರ ಜಗಳ ಅಂಗಳಕ್ಕೇ ಇಳಿಯಿತು. ತೀರಿಕೊಂಡ ತಂದೆಯ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬಲ್ಲಿಂದ ಶುರುವಾಯಿತೆಂದು ಕೇಳಿದ್ದೇನೆ. ಲಾರಿ ತೂಗುವ ಕಟ್ಟೆಯ ಹತ್ತಿರ, ಮೂಟೆ ಇಳಿಸುವ ಲೋಡರುಗಳೆಲ್ಲ ನೋಡುತ್ತಿದ್ದಂತೆ, ದೊಡ್ಡವರು ಚಿಕ್ಕವರ ಕೆನ್ನೆಗೆ ಬಾರಿಸಿದರು. ಚಿಕ್ಕವರು ಅಲ್ಲಿನ ಮೇಜಿನ ಮೇಲಿದ್ದ ಕಬ್ಬಿಣದ ಪಂಚಿಂಗ್ ಯಂತ್ರವನ್ನು ಎತ್ತಿ ಅಣ್ಣನ ಹಣೆಗೆ ಹಾಕಿದರು. ಏಳು ಹೊಲಿಗೆ. ಮೂರನೆಯ ದಿನಕ್ಕೆ ದೊಡ್ಡವರು ಅಂಗಳದ ನಡುವೆ ತಗಡಿನ ಗೋಡೆ ಎಬ್ಬಿಸಲು ಆಳುಗಳನ್ನು ಕರೆಸಿದರು. ಕಂಬ ನೆಡಲು ಗುಂಡಿ ತೋಡುತ್ತ ಬಂದರು. ಆ ನೆಲದಡಿ ನಮ್ಮ ತಂತಿ ಹೋಗಿದೆ ಎಂದು ನಾನು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಪದೇಪದೇ ಹೇಳಿದರೆ ಪಿರಿಪಿರಿ ಎನ್ನುತ್ತಾರೆಂಬ ಭಯ ನನಗೆ.

ಮಧ್ಯಾಹ್ನ ಮೂರು ಮುಕ್ಕಾಲಿಗೆ ಹಾರೆಯೊಂದು ತಂತಿಯ ಮೇಲೆ ಬಿತ್ತು.

ನನ್ನ ಪರದೆಯಲ್ಲಿ ಕೆಂಪು ಸಾಲು ಬಂತು: ತಮ್ಮನ ಸುಳಿವಿಲ್ಲ. ಅಣ್ಣ ಮಾತ್ರ ಒಂದು ಚೀಟಿಯೂ ತಪ್ಪದೆ ಕೆಲಸ ಮುಂದುವರಿಸಿದ್ದ. ನಾಚಿಕೆಯಿಂದ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಒಂದು ಸತ್ತರೂ ಇನ್ನೊಂದು ನಡೆಸುತ್ತಿದೆ, ನಾನು ಕಟ್ಟಿದ್ದು ನಿಂತಿದೆ ಎಂದುಕೊಂಡು, ಎದ್ದು ಹೋಗಿ ಒಂದು ಲೋಟ ನೀರು ಕುಡಿದೆ. ಎದುರು ಶೆಡ್ಡಿಗೆ ಹೋಗಿ ನೋಡಿಬರಲು ಇನ್ನೂರು ಹೆಜ್ಜೆ ಸಾಕಿತ್ತು.

ಏಳನೆಯ ಬಾಗಿಲಿನಿಂದ ಕೂಗು ಕೇಳಿಸಿತು. ಮೊದಲ ಲಾರಿ ಬಾಗಿಲಿಗೆ ಬೆನ್ನು ಒಡ್ಡಿ ನಿಂತು ಚಾಲಕ ಕೆಳಗಿಳಿಯುತ್ತಿದ್ದ. ಎರಡನೆಯ ಲಾರಿ ಅದೇ ಬಾಗಿಲಿಗೆ ಹಿಮ್ಮುಖವಾಗಿ ಬಂತು. ಅದರ ಚಾಲಕನ ಕೈಯಲ್ಲೂ ಏಳನೆಯ ಬಾಗಿಲಿನ ಚೀಟಿ. ನಿಲ್ಲಿಸು ಎಂದು ಯಾರೋ ತಗಡು ಬಡಿದರು. ನಿಲ್ಲಿಸುವಷ್ಟರಲ್ಲಿ ಇಳಿಯುತ್ತಿದ್ದವನ ಮೊಣಕೈ ತನ್ನದೇ ಲಾರಿಯ ಬಾಗಿಲಿಗೂ ಹಿಂದೆ ಬಂದ ಲಾರಿಯ ಮೂಲೆಗೂ ನಡುವೆ ಸಿಕ್ಕಿಕೊಂಡಿತು. ಒಣ ಕಡ್ಡಿ ಮುರಿದಂಥ ಸದ್ದು ನನ್ನ ಕಿಟಕಿಯವರೆಗೆ ಬಂತು. ಅವನ ಜೊತೆಗಾರ ಚಕ್ರ ಬಿಚ್ಚುವ ಸ್ಪ್ಯಾನರನ್ನು ಎಳೆದುಕೊಂಡು ಎರಡನೆಯ ಲಾರಿಯ ಚಾಲಕನನ್ನು ಸೀಟಿನಿಂದ ಕೆಳಕ್ಕೆ ಜಗ್ಗಿ ಬಾಯಿಯ ಮೇಲೆ ಹೊಡೆದ. ಬಿದ್ದವನು ಉಗುಳಿದ. ಉಗುಳಿದ್ದರಲ್ಲಿ ಹಲ್ಲಿತ್ತು.

“ನನ್ನ ಚೀಟಿ ನೋಡೋ! ನಂದು ಏಳು!”

“ನಿನ್ನ ಚೀಟಿ ನಿನ್ನ ತಿಥಿಗಿಟ್ಕೋ!”

ಅಷ್ಟರಲ್ಲಿ ನಾಲ್ಕನೆಯ ಬಾಗಿಲಿನಲ್ಲೂ ಒಂಬತ್ತರಲ್ಲೂ ಅದೇ ಶುರುವಾಯಿತು. ಅಣ್ಣನ ಕಿಟಕಿಯಿಂದ ಚೀಟಿ ಪಡೆದವರು ಒಂದು ಕಡೆ, ತಮ್ಮನ ಕಿಟಕಿಯವರು ಇನ್ನೊಂದು ಕಡೆ. ಲೋಡರುಗಳೂ ತಂತಮ್ಮ ಶೆಡ್ಡಿನ ಪರವಾಗಿ ಇಳಿದರು. ಮೂಟೆ ಎಳೆಯುವ ಕೊಕ್ಕೆಗಳು ಅವರ ಸೊಂಟದಲ್ಲೇ ಇರುತ್ತವೆ. ಅರ್ಧ ನಿಂತ ತಗಡಿನ ಗೋಡೆಯನ್ನು ಒದ್ದು ಬೀಳಿಸಿದರು. ಒಬ್ಬನ ತೊಡೆಗೆ ಕೊಕ್ಕೆ ಇಳಿದು, ಅವನು ಅದನ್ನು ಕೀಳಲೂ ಆಗದೆ ಬಿಡಲೂ ಆಗದೆ ಕುಂಟುತ್ತ ಸುತ್ತುತ್ತಿದ್ದ.

ಯಾರೋ ಎರಡು ಚೀಟಿಗಳನ್ನು ತಂದು ನನ್ನ ಕಿಟಕಿಯೊಳಗೆ ಎಸೆದರು. ಎರಡರ ಮೇಲೂ ಹೆಬ್ಬೆಟ್ಟಿನ ರಕ್ತ. ಎರಡರಲ್ಲೂ ಬಾಗಿಲು ಏಳು, ಎರಡರಲ್ಲೂ ಒಂದೇ ಕ್ರಮಸಂಖ್ಯೆ. ಎರಡೂ ಸಾಚಾ. ಒಂದನ್ನು ಅಣ್ಣ ಕೊಟ್ಟಿದ್ದ, ಇನ್ನೊಂದನ್ನು ತಮ್ಮ. ಆಗ ತಿಳಿಯಿತು: ತಮ್ಮ ಸತ್ತಿರಲಿಲ್ಲ.

ಭಾವನ ಮೊಬೈಲಿಗೆ ಮೂರು ಸಲ ಮಾಡಿದೆ, ತೆಗೆಯಲಿಲ್ಲ. ದಪ್ಪ ಗೋಡೆಯ ಆ ಶೆಡ್ಡುಗಳೊಳಗೆ ಮೊಬೈಲು ಅಷ್ಟಕ್ಕಷ್ಟೇ. ಹಾಗಾಗಿ ಎಲ್ಲರ ಬಳಿಯೂ ವಾಕಿಟಾಕಿ ಇತ್ತು. ಮೂವತ್ತು ಸೆಟ್ಟು, ಒಂದೇ ಚಾನೆಲ್. ಒಬ್ಬರು ಮಾತಾಡಿದರೆ ಎಲ್ಲರ ಸೊಂಟದಲ್ಲೂ ಕೇಳುತ್ತದೆ. ನನಗದು ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

“ಭಾವ, ತಮ್ಮ ಬದುಕಿದ್ದಾನಾ?”

“ಬದುಕಿದ್ದಾನೆ ಮೇಡಮ್ಮಾ, ಚೆನ್ನಾಗೇ ಚೀಟಿ ಉಗುಳ್ತಿದ್ದಾನೆ. ಹೊರಗಡೆ ಏನೇ ಅದು ಗಲಾಟೆ?”

“ಮೂರು ಮುಕ್ಕಾಲಿನಿಂದ ಈಚೆಗೆ ಎಷ್ಟು ಚೀಟಿ ಆಗಿದೆ ನೋಡಿ.”

“ಎಂಟು.”

ಅಣ್ಣನಲ್ಲಿ ಹದಿಮೂರು. ಕಡಿಮೆ ಬರೆದಿರುವುದನ್ನು ನಿಲ್ಲಿಸಿ, ಹೆಚ್ಚು ಬರೆದದ್ದನ್ನು ಉಳಿಸಿಕೊಳ್ಳಬೇಕು ಎಂದು ಮೇಷ್ಟ್ರು ಹೇಳಿದ್ದರು. ಆದರೆ ಐದು ಚೀಟಿಯ ವ್ಯತ್ಯಾಸ ಏನು ಮಹಾ? ಅಣ್ಣನ ಬಟನ್ ನನ್ನ ಮಂಡಿಗೆ ತಾಕುವಷ್ಟು ಹತ್ತಿರದಲ್ಲಿತ್ತು. ಒಂದು ಬೆರಳು ಒತ್ತಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಒತ್ತಲಿಲ್ಲ. ಹಣೆಗೆ ಪಟ್ಟಿ ಕಟ್ಟಿಕೊಂಡ ದೊಡ್ಡ ಯಜಮಾನರು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

“ನಮ್ಮದ್ಯಾಕೆ ನಿಲ್ಲಬೇಕು?” ಎಂದರು. “ಅವನದನ್ನ ನಿಲ್ಸು.”

ಲೆಕ್ಕಕ್ಕೆ ಹೆದರಿದೆನೋ ಅವರಿಗೆ ಹೆದರಿದೆನೋ ಎಂದು ಕೇಳಿದರೆ, ಅವರಿಗೆ. ಐದು ಚೀಟಿ ನನಗೆ ಸಿಕ್ಕ ನೆವ.

“ಭಾವ, ತಮ್ಮನ್ನ ಆಫ್ ಮಾಡಿ.”

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. “ಮಾಡ್ದೆ. ಪರದೆ ಕಪ್ಪಾಯ್ತು.”

“ಪರದೆ ಅಲ್ಲ ಭಾವ! ನಿಮ್ಮ ಕಿಟಕೀಲಿ ಚೀಟಿ ಇನ್ನೂ ಬರ್ತಿದೆಯಲ್ಲ. ತಮ್ಮನ್ನೇ ಆರಿಸಿ.”

“ತಮ್ಮನ್ನ ಆರಿಸ್ಕೊಳ್ಳೋದಾ? ಒಳ್ಳೇದಾಯ್ತು ಬಿಡು. ಹಾಗಾದ್ರೆ ಅಲ್ಲಿ ಅಣ್ಣನ್ನ ನೀನು ತೆಗಿ.”

ಆರಿಸುವುದು ಎಂದರೆ ದೀಪ ಆರಿಸುವುದೂ ಹೌದು, ಹಲವರಲ್ಲಿ ಒಬ್ಬನನ್ನು ಆಯ್ದುಕೊಳ್ಳುವುದೂ ಹೌದು. ಎರಡರಲ್ಲಿ ಒಂದು ಉಳಿಯಬೇಕಾದ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಅವರು ತಮ್ಮನನ್ನು ಉಳಿಸಿಕೊಳ್ಳಲು ಹೊರಟಿದ್ದರು. ಹೊರಗೆ ಯಾರೋ ‘ಅಮ್ಮಾ’ ಎಂದು ಚೀರಿದ. ನನಗೆ ಗಾಬರಿಯಾಗಿ ತರಗತಿಯ ಮಾತು ಬಾಯಿಗೆ ಬಂತು. ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ, ಗಟ್ಟಿಯಾಗಿ, ಬಿಡಿಬಿಡಿಯಾಗಿ ಹೇಳಿದೆ.

“ಅಲ್ಲ ಭಾವ! ಉಳಿಸ್ಕೊಳ್ಳೋದಲ್ಲ. ತಮ್ಮನ್ನ ಕೊಂದುಬಿಡಿ. ಅಣ್ಣ ಒಬ್ಬನೇ ಇರ್ಲಿ. ಬೇಗ ಮುಗಿಸಿ, ಇಲ್ಲದಿದ್ರೆ ಇಬ್ಬರೂ ಹಾಳಾಗ್ತಾರೆ.”

ಮೂವತ್ತು ಸೆಟ್ಟುಗಳಲ್ಲಿ ನನ್ನ ದನಿ ಅಂಗಳವಿಡೀ ಮೊಳಗಿದ್ದು ನನಗೇ ಕಿಟಕಿಯ ಹೊರಗಿನಿಂದ ಕೇಳಿಸಿತು. ಹೊಡೆದಾಟ ಒಂದು ಉಸಿರಿನಷ್ಟು ಹೊತ್ತು ನಿಂತಿತು.

ಭಾವ ನಗುತ್ತಿದ್ದರು. “ಅಬ್ಬಾ, ಏನ್ ಹೆಣ್ಣೇ ನೀನು! ತಡಿ, ಬಟನ್ ಮುಚ್ಚಳದ ಹಿಂದಿದೆ, ಕೀಲಿ ಹುಡುಕ್ತೀನಿ...”

ಅವರು ಅಷ್ಟು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಆಮೇಲೆ ಇನ್ನೊಂದು ದನಿ ಚಾನೆಲಿಗೆ ನುಗ್ಗಿತು. ತಮ್ಮನ ಶೆಡ್ಡಿನ ಲೋಡರುಗಳ ಮೇಸ್ತ್ರಿಯದು. “ಕೇಳಿದ್ರೇನ್ರೋ? ನಮ್ಮ ಯಜಮಾನ್ರನ್ನ ಮುಗಿಸೋಕೆ ಹೇಳ್ತಿದ್ದಾಳೆ! ಆ ವೈರಿಂಗಿನವನು ಒಳಗೇ ಇದ್ದಾನೆ. ಬನ್ರೋ!”

“ಅಲ್ಲ! ಪೆಟ್ಟಿಗೆ! ಪೆಟ್ಟಿಗೆ ವಿಷಯ!” ಎಂದು ನಾನು ಕೂಗಿದೆ. ಆದರೆ ಒಬ್ಬರು ಗುಂಡಿ ಒತ್ತಿ ಹಿಡಿದಿದ್ದರೆ ಇನ್ನೊಬ್ಬರ ಮಾತು ಹೋಗುವುದಿಲ್ಲ. ಮೇಸ್ತ್ರಿ ಗುಂಡಿ ಬಿಡಲಿಲ್ಲ. ಓಡುವ ಕಾಲುಗಳ ಸದ್ದು, ಏದುಸಿರು, ಬಾಗಿಲು ಒದೆಯುವುದು, ಎಲ್ಲವೂ ನನ್ನ ಕೈಯಲ್ಲಿದ್ದ ಸೆಟ್ಟಿನಿಂದ ಬರುತ್ತಿತ್ತು. ಭಾವ “ಏನ್ರಪ್ಪಾ, ಏನಾಯ್ತು?” ಎಂದದ್ದೂ ಕೇಳಿಸಿತು. ತಮಾಷೆಯ ದನಿ ಇನ್ನೂ ಹೋಗಿರಲಿಲ್ಲ. ಆಮೇಲೆ ಮೊದಲ ಪೆಟ್ಟು.

ನಾನು ಓಡಿದೆ. ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಯಾವಾಗ ಕೈಗೆತ್ತಿಕೊಂಡೆನೋ ಗೊತ್ತಿಲ್ಲ. ಅಂಗಳದಲ್ಲಿ ಯಾರದೋ ಮೊಣಕೈ ನನ್ನ ಮೂಗಿಗೆ ಬಡಿದು ಬಾಯೆಲ್ಲ ಉಪ್ಪುಪ್ಪಾಯಿತು. ಬಿದ್ದ ತಗಡಿನ ಮೇಲೆ ಜಾರಿ ಮಂಡಿ ಕುಯ್ದುಕೊಂಡೆ. ಇನ್ನೂರು ಹೆಜ್ಜೆ.

ಆ ಕೋಣೆ ಹತ್ತು ಅಡಿ ಉದ್ದ, ಆರು ಅಡಿ ಅಗಲ. ಅದರೊಳಗೆ ನಾಲ್ವರು. ಭಾವ ಗೋಡೆಗೂ ಸರ್ವರ್ ಇಟ್ಟ ಕಪಾಟಿಗೂ ನಡುವೆ ಕುಕ್ಕರುಗಾಲಿನಲ್ಲಿ ಕುಸಿದಿದ್ದರು. ಮುಖ ಮುಚ್ಚಿಕೊಂಡ ಎಡಗೈ ಮೇಲೆ ಕೊಕ್ಕೆಯ ಮರದ ಹಿಡಿ ಬೀಳುತ್ತಿತ್ತು, ಮತ್ತೆ ಎದ್ದು ಬೀಳುತ್ತಿತ್ತು. ಹೊಡೆಯುವವರಿಗೂ ಜಾಗ ಸಾಲದೆ ಅವರ ಮೊಣಕೈಗಳು ಗೋಡೆಗೆ ಬಡಿಯುತ್ತಿದ್ದವು. ಒಬ್ಬ ಬೂಟುಗಾಲಿನಿಂದ ಪಕ್ಕೆಗೆ ಒದೆಯುತ್ತ ಪ್ರತಿ ಒದೆತಕ್ಕೂ “ಮುಗಿಸ್ತೀಯಾ? ಮುಗಿಸ್ತೀಯಾ?” ಎನ್ನುತ್ತಿದ್ದ. ಪ್ರಶ್ನೆಯ ಹಾಗಲ್ಲ, ಮೂಟೆ ಎತ್ತುವಾಗ ದಂ ಕಟ್ಟಿ ಕೂಗುವ ಹಾಗೆ.

ನಾನು ಸಿಲಿಂಡರನ್ನು ಬೀಸಿದೆ. ಎಲ್ಲಿಗೆ ಬೀಳಲಿ ಎಂದು ನೋಡಲಿಲ್ಲ. ಹತ್ತಿರದವನ ಕುತ್ತಿಗೆಗೂ ಭುಜಕ್ಕೂ ನಡುವೆ ಬಿತ್ತು. ಎಲುಬು ಮುರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅವನು ಹಾಗೇ ಕೂತುಬಿಟ್ಟ, ಅವನಿಗೆ ಆಶ್ಚರ್ಯವಾದಂತಿತ್ತು. ಮತ್ತೆ ಎತ್ತಿದೆ. ಮತ್ತೆ ಹೊಡೆಯಬೇಕೆಂದೇ ಎತ್ತಿದೆ. ಆ ಹೊತ್ತಿನಲ್ಲಿ ಅದು ನನಗೆ ಕಷ್ಟದ ಕೆಲಸ ಅನ್ನಿಸಲಿಲ್ಲ.

“ಬಿಡ್ರೋ!” ಎಂಬ ದನಿ ಬಾಗಿಲಿನಲ್ಲಿ ಕೇಳಿತು.

ಚಿಕ್ಕ ಯಜಮಾನರು. ಅಂಗಿ ಹರಿದಿತ್ತು, ಕೈಯಲ್ಲಿ ಅವರದೂ ಒಂದು ವಾಕಿಟಾಕಿ. “ನನ್ನ ಮುಗಿಸೋಕೆ ಹೇಳಿದ್ದು ಯಾರು?”

“ನಾನೇ” ಎಂದೆ. ಮೂಗಿನಿಂದ ಸುರಿಯುತ್ತಿದ್ದುದರಿಂದ ಮಾತು ಗೊಜಗೊಜ ಎನ್ನುತ್ತಿತ್ತು. “ಆದ್ರೆ ನಿಮ್ಮನ್ನಲ್ಲ ಯಜಮಾನ್ರೇ. ಇದನ್ನ.”

ಕಪಾಟಿನಲ್ಲಿದ್ದ ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿದೆ. ನನ್ನದೇ ದುಂಡಗಿನ ಅಕ್ಷರ: ತಮ್ಮ.

ಹೊಡೆಯುತ್ತಿದ್ದವರಲ್ಲಿ ಒಬ್ಬ ಫಕ್ಕನೆ ನಕ್ಕುಬಿಟ್ಟ. ನಕ್ಕು, ತನ್ನ ಕೈಯನ್ನು ನೋಡಿಕೊಂಡ. ಚಿಕ್ಕ ಯಜಮಾನರು ಹತ್ತಿರ ಬಂದು ಆ ಚೀಟಿಯನ್ನು ಓದಿದರು. ಆಮೇಲೆ ಪಕ್ಕದವನ ಕೈಯಿಂದ ಕೊಕ್ಕೆ ಕಿತ್ತುಕೊಂಡು ಪೆಟ್ಟಿಗೆಯ ಮುಖಕ್ಕೆ ಹೊಡೆದರು. ತಗಡು ಬಾಗಿತು. ಮತ್ತೆ ಹೊಡೆದರು. ಫ್ಯಾನಿನ ರೆಕ್ಕೆಗಳು ಹಾರಿ ಬಿದ್ದವು. ಅವರು ಕೊಕ್ಕೆ ಎತ್ತುವ ಮುಂಚೆಯೇ ಪೆಟ್ಟಿಗೆ ಸದ್ದಿಲ್ಲದೆ ಆರಿತ್ತು, ಒಂದು ದೀಪವೂ ಉರಿಯುತ್ತಿರಲಿಲ್ಲ ಎಂಬುದನ್ನು ಆ ಕೋಣೆಯಲ್ಲಿ ಗಮನಿಸಿದವಳು ಬಹುಶಃ ನಾನೊಬ್ಬಳೇ.

ಭಾವನನ್ನು ತಗಡಿನ ಮೇಲೆ ಮಲಗಿಸಿಕೊಂಡು ಹೊರಕ್ಕೆ ಹೊತ್ತರು. ಹೊತ್ತವರಲ್ಲಿ ಇಬ್ಬರು ಅವರನ್ನು ಹೊಡೆದವರೇ. ನಾನು ತಲೆ ಹಿಡಿದುಕೊಂಡಿದ್ದೆ. ಎಡಗಣ್ಣಿನ ಜಾಗದಲ್ಲಿ ಏನಿತ್ತೆಂದು ಬರೆಯಲಾರೆ.

ಆಸ್ಪತ್ರೆಯಲ್ಲಿ ಅವರು ಬದುಕುವುದು ಖಾತ್ರಿಯಾಗಲು ಹನ್ನೆರಡು ದಿನ ಹಿಡಿಯಿತು. ಎಡಗಣ್ಣು ಹೋಯಿತು. ದವಡೆಗೆ ತಂತಿ ಕಟ್ಟಿದರು. ಬಲಗೈಯ ಮೂರು ಬೆರಳು ಇನ್ನೂ ಮಡಚುವುದಿಲ್ಲ. ಮೊದಲ ದಿನ ಅಕ್ಕ ವಾರ್ಡಿನ ಹೊರಗೆ ನನ್ನ ರಟ್ಟೆ ಹಿಡಿದು ಗೋಡೆಗೆ ಒತ್ತಿದಳು.

“ಆಫ್ ಮಾಡಿ ಅನ್ನೋಕೆ ನಿನಗೆ ಬರಲ್ವೇನೇ?”

“ಅಂದೆ ಅಕ್ಕ. ಮೊದ್ಲು ಅದನ್ನೇ ಅಂದೆ.”

“ಅಂದ್ಯಂತೆ! ಇನ್ನೊಂದು ಸಲ ಅನ್ನೋಕೆ ನಾಲಿಗೆ ಸವೀತಿತ್ತಾ? ನಡ್ಕೊಂಡು ಬಂದು ಹೇಳೋಕೆ ಕಾಲು ಬಿದ್ದುಹೋಗಿತ್ತಾ? ಕೊಂದುಬಿಡಿ ಅಂತೀಯಲ್ಲೇ, ನನ್ನ ಗಂಡನ ಬಾಯಿಗೆ ಮಣ್ಣು ಹಾಕಿದ್ಯಲ್ಲೇ!” ಎಂದು ಕೆನ್ನೆಗೆ ಹೊಡೆದಳು. ನನ್ನ ಮುರಿದ ಮೂಗಿಗೆ ತಾಕದ ಹಾಗೆ ನೋಡಿ ಹೊಡೆದಳು. ಅದಾದ ಮೇಲೆ ಮಾತಿಲ್ಲ.

ವಿಚಾರಣೆ ನಡೆಯಿತು. ಮೂರು ದಿನ ಪೊಲೀಸರು ನನ್ನನ್ನು ಕೂರಿಸಿಕೊಂಡು ಸರ್ವರಿಗೆ ಮನುಷ್ಯರ ಹೆಸರು ಏಕೆ ಇಟ್ಟೆ ಎಂದು ಕೇಳಿದರು. ಹೆಸರಿಟ್ಟವರು ಭಾವ ಎಂದು ಹೇಳಲಿಲ್ಲ, ಚೀಟಿ ಬರೆದದ್ದು ನಾನೇ ಎಂದೆ. ಮೇಸ್ತ್ರಿಗೆ, ಇನ್ನಿಬ್ಬರಿಗೆ ಶಿಕ್ಷೆಯಾಯಿತು. ತಮ್ಮ ಎಂದರೆ ಪೆಟ್ಟಿಗೆಯೆಂದು ತನಗೆ ಹೊಳೆಯಲೇ ಇಲ್ಲವೆಂದು ಮೇಸ್ತ್ರಿ ಹೇಳಿದ. ‘ತಮ್ಮ ಬಿಸಿಯಾಗಿದ್ದಾನೆ’ ಎಂದು ನನ್ನ ಬಳಿ ಓಡಿಬರುತ್ತಿದ್ದವನು ಇದೇ ಮೇಸ್ತ್ರಿ. ಆದರೂ ಅವನು ಸುಳ್ಳು ಹೇಳಿದ ಎಂದು ನಾನು ಪ್ರಮಾಣ ಮಾಡಲಾರೆ. ಕೈಯಲ್ಲಿ ಕೊಕ್ಕೆ ಹಿಡಿದು ರಕ್ತದಲ್ಲಿ ನಿಂತವನಿಗೆ ಯಾವ ತಮ್ಮ ಮೊದಲು ನೆನಪಾಗುತ್ತಾನೆ? ನಾನು ಎಲುಬು ಮುರಿದ ಲೋಡರ್ ನನ್ನ ಮೇಲೆ ದೂರು ಕೊಡಲಿಲ್ಲ. ಅದೂ ನನಗೆ ಭಾರವಾಗಿದೆ.

ಯಜಮಾನರು ಆಸ್ತಿ ಪಾಲು ಮಾಡಿಕೊಂಡರು. ಆರು ಬಾಗಿಲು ಅವರಿಗೆ, ಆರು ಇವರಿಗೆ, ಬೇರೆ ಬೇರೆ ಗೇಟು, ಬೇರೆ ಬೇರೆ ಕಂಪ್ಯೂಟರ್. ಕ್ಲಸ್ಟರ್ ಈಗಿಲ್ಲ. ನಾನು ಅಲ್ಲಿ ಕೆಲಸ ಬಿಡುವ ಮುಂಚೆ ಜಜ್ಜಿಹೋದ ಪೆಟ್ಟಿಗೆಯಿಂದ ಡಿಸ್ಕ್ ಬಿಚ್ಚಿ ದಾಖಲೆಗಳನ್ನು ಓದಿಕೊಂಡೆ. ಅಣ್ಣನ ಚೀಟಿಗಳಿಗೂ ತಮ್ಮನ ಚೀಟಿಗಳಿಗೂ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಡಿಸ್ಕಿನ ಕೊನೆಯ ಸಾಲಿನಲ್ಲಿ ಕಣ್ಣು ನಿಂತಿತು. ಮುಂಭಾಗದ ಬಟನ್ ಒತ್ತಿ ಆರಿಸಲಾಗಿದೆ, ನಾಲ್ಕು ಗಂಟೆ ಹದಿನಾರು ನಿಮಿಷ ನಲವತ್ತು ಸೆಕೆಂಡು. ಆ ಕೋಣೆಯ ಹೊರಗಿನ ಹಜಾರದ ಕ್ಯಾಮೆರಾದಲ್ಲಿ ಮೇಸ್ತ್ರಿಯ ಜನ ಬಾಗಿಲು ಒದ್ದು ಒಳಗೆ ನುಗ್ಗಿದ್ದು ನಾಲ್ಕು ಹದಿನೈದು ಐವತ್ತಕ್ಕೆ. ನಡುವೆ ಐವತ್ತು ಸೆಕೆಂಡು.

ಅಂದರೆ ಪೆಟ್ಟು ಬೀಳಲು ಶುರುವಾದ ಮೇಲೆ ಯಾರೋ ಆ ಬಟನ್ ಒತ್ತಿದ್ದಾರೆ. ಭಾವ ಎಡಗೈಯಲ್ಲಿ ಮುಖ ಮುಚ್ಚಿಕೊಂಡು, ಬೆರಳು ಮುರಿಯುತ್ತಿದ್ದ ಬಲಗೈಯನ್ನು ಕಪಾಟಿನ ಕಡೆಗೆ ಚಾಚಿ, ನಾನು ಹೇಳಿದ ಕೆಲಸ ಮುಗಿಸಿದರೇ? ಇಲ್ಲವೇ ಜಾಗ ಸಾಲದ ಕೋಣೆಯಲ್ಲಿ ಹೊಡೆಯುವವನೊಬ್ಬನ ಮೊಣಕೈ ತಾಕಿತೇ? ತಂತಿ ತುಂಡಾದ ಮೇಲೆ ತಮ್ಮನ ಗಡಿಯಾರವನ್ನು ಸರಿಪಡಿಸುವವರು ಯಾರೂ ಇರಲಿಲ್ಲ. ಕ್ಯಾಮೆರಾದ ಗಡಿಯಾರವನ್ನು ನಾನು ಎಂದೂ ತಾಳೆ ನೋಡಿರಲಿಲ್ಲ. ಐವತ್ತು ಸೆಕೆಂಡು ಆಚೀಚೆಯಾಗುವುದು ದೊಡ್ಡದಲ್ಲ. ಅವರು ನುಗ್ಗುವ ಮುಂಚೆಯೇ ಕೀಲಿ ಸಿಕ್ಕಿ ಕೆಲಸ ಆಗಿಹೋಗಿತ್ತೆಂದೂ ಇರಬಹುದು.

ಅಕ್ಕ ಕೆಲಸಕ್ಕೆ ಹೋದ ಹೊತ್ತು ನೋಡಿ ಭಾವನನ್ನು ಕೇಳಿದೆ. ಒಂದು ಕಣ್ಣಿನಲ್ಲಿ ನನ್ನನ್ನೇ ನೋಡಿದರು.

“ಗೊತ್ತಿಲ್ಲ ಕಣೇ” ಎಂದರು. ದವಡೆ ಇನ್ನೂ ಸರಿಯಾಗಿ ತೆರೆಯುತ್ತಿರಲಿಲ್ಲ. “ಕೀಲಿ ಹುಡುಕ್ತಿದ್ದೆ. ಅಲ್ಲೀತನಕ ನೆನಪಿದೆ. ಯಾಕೆ, ಆರಿತ್ತಾ?”

“ಆರಿತ್ತು.”

“ಹಾಗಾದ್ರೆ ಸರಿ ಬಿಡು” ಎಂದು ಆ ಕಣ್ಣನ್ನೂ ಮುಚ್ಚಿಕೊಂಡರು.

ಬಟನ್ ಮುಂದಿನ ಮುಚ್ಚಳ ಕೀಲಿಯಿಂದ ತೆರೆದಿತ್ತೋ ಪೆಟ್ಟಿನಿಂದ ಕಿತ್ತುಬಂದಿತ್ತೋ ಎಂದು ನಾನು ಆ ದಿನ ನೋಡಲಿಲ್ಲ. ಚಿಕ್ಕ ಯಜಮಾನರು ಕೊಕ್ಕೆ ಬೀಸಿದ ಮೇಲೆ ನೋಡಲು ಏನೂ ಉಳಿದಿರಲಿಲ್ಲ. ಬಟನ್ ಒತ್ತಿದವರು ಯಾರು ಎಂಬುದು ನನಗೆ ತಿಳಿದಿಲ್ಲ.